ಮೇಕಪ್ ಹಾಕಿದ ಕೈ

ಅವಳಿಗೆ ಮೆಣಸಿನಕಾಯಿ ಎಂದು ಹೆಸರಿಟ್ಟವರು ಯಾರೆಂದು ಆ ಅಂಗಳದಲ್ಲಿ ಯಾರಿಗೂ ನೆನಪಿಲ್ಲ. ಇಟ್ಟವರು ಯಾರೇ ಆಗಿರಲಿ, ಅವಳ ಹತ್ತಿರ ಚೆನ್ನಾಗಿ ಬೈಸಿಕೊಂಡ ಮೇಲೆಯೇ ಇಟ್ಟಿರಬೇಕು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಣಬಟ್ಟೆಯಲ್ಲಿ ಕಾರಿನ ಧೂಳು ಒರೆಸುವವರನ್ನು ಕಂಡರೆ ಉರಿ. ನೆಲಕ್ಕೆ ಬಿದ್ದ ಸ್ಪಂಜನ್ನು ಹಾಗೇ ಎತ್ತಿ ಬಾನೆಟ್ಟಿಗೆ ತಿಕ್ಕುವವರನ್ನು ಕಂಡರೆ ಇನ್ನೂ ಉರಿ. "ನಿಮ್ಮ ಮುಖಾನ ಮರಳಲ್ಲಿ ಉಜ್ಕೊಳ್ತೀರಾ? ಇಲ್ಲ ತಾನೆ? ಮತ್ತೆ ಪಾಪ ಇದೇನು ಮಾಡಿತ್ತು ನಿಮಗೆ?" ಎಂದು ಗಿರಾಕಿಗಳನ್ನೇ ದಬಾಯಿಸುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ಆಗ ಇನ್ನಷ್ಟು ರೇಗುತ್ತಿತ್ತು.

ಅವಳು ಕೆಲಸ ಮಾಡುತ್ತಿದ್ದದ್ದು ಹಳೆಯ ಕಾರುಗಳನ್ನು ಕೊಂಡು ಮಾರುವ ಅಂಗಳದ ಹಿಂದಿನ ತಗಡಿನ ಶೆಡ್ಡಿನಲ್ಲಿ. ಮೊದಲು ಗಂಡ ಅಲ್ಲಿ ಪೇಂಟ್ ಹೊಡೆಯುತ್ತಿದ್ದ, ಇವಳು ಪಾಲಿಶ್ ಮಾಡುತ್ತಿದ್ದಳು. ಪೇಂಟಿನ ವಾಸನೆಗೋ ಇವಳ ಬಾಯಿಗೋ ಹೆದರಿ ಆ ಮಹಾಶಯ ಒಂದು ದಿನ ಊರು ಬಿಟ್ಟವನು ತಿರುಗಿ ಬರಲಿಲ್ಲ. ಪಾಲಿಶ್ ತಿಕ್ಕುವ ಬಫಿಂಗ್ ಮಷಿನ್ ಮಾತ್ರ ಇವಳ ಪಾಲಿಗೆ ಉಳಿಯಿತು. "ಎರಡರಲ್ಲಿ ದುಡಿಯೋದು ಯಾವುದೋ ಅದು ಉಳ್ಕೊಂಡಿತು ಬಿಡು" ಎಂದು ತಮ್ಮನ ಹತ್ತಿರ ಹೇಳಿಕೊಂಡು ನಕ್ಕಿದ್ದಳು. ತಾಯಿ ತೀರಿಕೊಂಡ ಮೇಲೆ ಆ ತಮ್ಮನನ್ನು ಸಾಕಿದವಳು ಅವಳೇ. ಅವನಿಗೆ ಮೀಸೆ ಬಂದು, ಮದುವೆಯಾಗಿ, ಒಂದು ಮಗುವಾದ ಮೇಲೂ ರಸ್ತೆ ದಾಟುವಾಗ ಅವನ ತೋಳು ಹಿಡಿದುಕೊಳ್ಳುವ ಅಭ್ಯಾಸ ಅವಳಿಗೆ ಹೋಗಿರಲಿಲ್ಲ.

ಹಳೆಯ ಕಾರನ್ನು ಬಿಸಿಲಿಗೆ ನಿಲ್ಲಿಸಿ ನೋಡಿದರೆ ಬಣ್ಣದ ಮೇಲೆ ಸಣ್ಣ ಗೀರುಗಳು ಸುತ್ತುಸುತ್ತಾಗಿ ಜೇಡರ ಬಲೆಯ ಹಾಗೆ ಹಬ್ಬಿರುತ್ತವೆ. ಅವನ್ನು ಹೋಗಲಾಡಿಸುವುದಕ್ಕೆ ನ್ಯಾಯವಾದ ದಾರಿ ರಬ್ಬಿಂಗ್. ಮಷಿನ್ನಿಗೆ ಪ್ಯಾಡ್ ಸಿಕ್ಕಿಸಿ, ಪೇಸ್ಟ್ ಹಚ್ಚಿ, ಬಣ್ಣದ ಮೇಲ್ಪದರವನ್ನು ತುಸುತುಸುವೇ ಸವೆಸುತ್ತಾ ಗೀರಿನ ಬುಡ ಮುಟ್ಟಬೇಕು. ಅದಕ್ಕೆ ಹೊತ್ತು ಬೇಕು, ರಟ್ಟೆ ಬೇಕು, ಅಂಚಿನ ಹತ್ತಿರ ಬಂದಾಗ ಉಸಿರು ಹಿಡಿಯಬೇಕು. ಮೈಮರೆತರೆ ಬಣ್ಣವೇ ಸುಟ್ಟು ತಗಡು ಕಾಣುತ್ತದೆ. ಇನ್ನೊಂದು ದಾರಿ ಕಳ್ಳದಾರಿ. ಎಣ್ಣೆಯಂಥ ಒಂದು ಪಾಲಿಶನ್ನು ಗೀರುಗಳೊಳಗೆ ತುಂಬಿಸಿ ಒರೆಸಿಬಿಟ್ಟರೆ ಕಾರು ಕನ್ನಡಿಯಾಗುತ್ತದೆ, ನಾಲ್ಕು ಸಲ ತೊಳೆದರೆ ಬಲೆ ಮತ್ತೆ ಹಾಜರು. ಇದಕ್ಕೆ ಅವಳು ಮೇಕಪ್ ಎನ್ನುತ್ತಿದ್ದಳು.

ಅಂಗಳದ ಯಜಮಾನನಿಗೆ ಬೇಕಾಗಿದ್ದದ್ದು ಮೇಕಪ್ಪೇ. "ನಾವೇನು ಸಂಸಾರ ಮಾಡ್ಬೇಕಾ ಅದರ ಜೊತೆ? ಗೇಟ್ ದಾಟೋವರೆಗೆ ಹೊಳೆದ್ರೆ ಸಾಕು ಅಕ್ಕಾ" ಎನ್ನುತ್ತಿದ್ದ. ಅವಳಿಗಿಂತ ದೊಡ್ಡವನಾದರೂ ಅಕ್ಕಾ ಎನ್ನುತ್ತಿದ್ದ. ಬೆಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈ ಆ ಮನುಷ್ಯನದು. ಅವಳು ಮೊದಮೊದಲು ಜಗಳವಾಡಿದಳು, ಆಮೇಲೆ ಗೊಣಗಿದಳು, ಆಮೇಲೆ ಮೇಕಪ್ ಹಾಕುವುದರಲ್ಲಿ ಸುತ್ತಮುತ್ತ ಯಾರಿಗೂ ಇಲ್ಲದಷ್ಟು ನಿಪುಣಳಾದಳು.

ಹಾಗಿರುವಾಗ ಶೆಡ್ಡಿಗೆ ಒಂದು ಕಡುಗೆಂಪು ಕಾರು ಬಂತು. ಕೆಂಪು ಬಿಸಿಲಿಗೆ ಬೇಗ ಬಾಡುವ ಬಣ್ಣ. ಮೈಯೆಲ್ಲ ಬಾಡಿತ್ತು, ಎಡಗಡೆಯ ಮುಂದಿನ ಬಾಗಿಲು ಮಾತ್ರ ಮದುಮಗಳ ಹಾಗೆ ಕೆಂಪಗಿತ್ತು. ಬೆರಳ ಗೆಣ್ಣಿನಿಂದ ತಟ್ಟಿದಳು. ಠಣ್ ಎನ್ನಬೇಕಾದದ್ದು ಡಬ್ ಎಂದಿತು. ಒಳಗೆಲ್ಲ ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ. ಅಂಚು ಉಜ್ಜಲೆಂದು ಬಾಗಿಲು ತೆರೆದರೆ ಬಾಗಿಲ ಚೌಕಟ್ಟಿನ ಕಂಬದಲ್ಲಿ, ಹೊಸ ಬಣ್ಣದ ಅಡಿಯಲ್ಲಿ, ಬೆಸುಗೆಯ ಗಂಟು ಗಂಟು ಗೆರೆ. ನೆಟ್ಟಗೆ ಯಜಮಾನನ ಹತ್ತಿರ ಹೋದಳು.

"ಇದು ಗುದ್ದಿಸ್ಕೊಂಡಿರೋ ಗಾಡಿ. ಪಿಲ್ಲರ್ ಮುರಿದಿತ್ತು, ತೇಪೆ ಹಾಕಿದಾರೆ. ಇನ್ನೊಂದು ಸಲ ಯಾರಾದ್ರೂ ಗುದ್ದಿದ್ರೆ ಒಳಗಿರೋರು ಉಳಿಯಲ್ಲ."

"ನಿನ್ನ ಕೆಲಸ ಮೇಲಿಂದು ಅಕ್ಕಾ. ಒಳಗಿಂದು ನಾನು ನೋಡ್ಕೋತೀನಿ."

ಶೆಡ್ಡಿಗೆ ಮರಳಿ ಅವನ ಏಳು ತಲೆಮಾರನ್ನೂ ಬೈದಳು. ಬೈಯುತ್ತಲೇ ಮಷಿನ್ ಎತ್ತಿಕೊಂಡಳು. ಕೆಲಸ ಬಿಟ್ಟು ಹೋಗಬಹುದಿತ್ತಲ್ಲ ಎಂದು ಕೇಳುವವರು ಬಾಡಿಗೆ ಮನೆಯಲ್ಲಿ ಇದ್ದು ನೋಡಲಿ. ಆದರೆ ಕೆಟ್ಟದಾಗಿ ಉಜ್ಜಬಹುದಿತ್ತು, ಅದನ್ನಾದರೂ ಮಾಡಬಹುದಿತ್ತು. ಅವಳ ಕೈ ಕೇಳಲಿಲ್ಲ. ಎರಡು ಕೆಂಪು ಎದುರಿಗಿದ್ದರೆ ಅವನ್ನು ಒಂದು ಮಾಡದೆ ಆ ಕೈಗೆ ಸಮಾಧಾನವಿಲ್ಲ. ಬಾಡಿದ ಕಡೆ ಹೆಚ್ಚು ಉಜ್ಜಿ ಏರಿಸಿದಳು, ಹೊಸ ಬಾಗಿಲಿನ ಹೊಳಪನ್ನು ತುಸು ಇಳಿಸಿದಳು, ಮೇಲೆ ಎಲ್ಲಕ್ಕೂ ಒಂದೇ ಮೇಕಪ್ ಹಾಕಿದಳು. ಕೊನೆಗೆ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ಹೆತ್ತವರಿಗೂ ಗೊತ್ತಾಗುವಂತಿರಲಿಲ್ಲ. ಅವಳಿಗೆ ಹೆಮ್ಮೆಯಾಯಿತು. ಆ ಹೊತ್ತಿನಲ್ಲಿ ಬೆಸುಗೆಯ ಗೆರೆ ಅವಳ ತಲೆಯಲ್ಲೇ ಇರಲಿಲ್ಲ.

ಮುಂದಿನ ಭಾನುವಾರ ಮನೆಯ ಮುಂದೆ ಹಾರ್ನ್ ಸದ್ದಾಯಿತು. ಒಂದು ಸಲವಲ್ಲ, ಮಕ್ಕಳು ಪೀಪಿ ಊದುವ ಹಾಗೆ ಮೇಲಿಂದ ಮೇಲೆ. ಬೈಯಲು ಬಾಯಿ ಸಜ್ಜು ಮಾಡಿಕೊಂಡೇ ಆಚೆ ಬಂದಳು. ಕಡುಗೆಂಪು ಕಾರು. ಸ್ಟೇರಿಂಗ್ ಹಿಂದೆ ತಮ್ಮ, ಕಿವಿಯಿಂದ ಕಿವಿಗೆ ನಗು. ಪಕ್ಕದ ಸೀಟಿನಲ್ಲಿ, ಆ ಬಾಗಿಲಿನ ಪಕ್ಕದಲ್ಲೇ, ಅವನ ಹೆಂಡತಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

"ಇಳೀರಿ" ಎಂದಳು.

"ಅಕ್ಕಾ, ನೋಡು ಹೆಂಗಿದೆ! ನಾಳೆಯಿಂದ ಬಾಡಿಗೆ ಓಡಿಸೋದೇ. ನಿಂಗೆ ಹೇಳದೇ ತಗೊಂಡೆ, ಆಮೇಲೆ ತೋರ್ಸೋಣ ಅಂತ..."

"ಇಳಿ ಅಂದ್ನಲ್ಲ! ಮಗೂನ ಇಳಿಸು ಮೊದ್ಲು!"

ಮಗು ಬೆದರಿ ಅಳತೊಡಗಿತು. ತಮ್ಮನ ಹೆಂಡತಿ ಇಳಿದು ಮುಖ ಸಣ್ಣದು ಮಾಡಿಕೊಂಡು ನಿಂತಳು. ತಮ್ಮನಿಗೆ ರೇಗಿತು.

"ನಿನ್ನ ಕೇಳದೇ ತಗೊಂಡಿದ್ದಕ್ಕೆ ಇಷ್ಟೊಂದು ಕೋಪಾನಾ? ನಾನೇನು ಇನ್ನೂ ಚಡ್ಡಿ ಹಾಕ್ಕೊಂಡಿದೀನಾ? ಒಂದು ಒಳ್ಳೇದು ಮನೆಗೆ ಬಂದ್ರೆ ನಿಂಗೆ ಸಹಿಸೋಕೇ ಆಗಲ್ಲ."

"ಯಾವನೋ ಇದು ಒಳ್ಳೇದು ಅಂದಿದ್ದು ನಿಂಗೆ?"

"ನಿಮ್ಮ ಯಜಮಾನ್ರೇ. ನಾನು ಬೇರೆ ಗಾಡಿ ನೋಡ್ತಿದ್ದೆ. ಇದು ನಿಮ್ಮಕ್ಕನ ಕೈಯಲ್ಲೇ ಆಗಿರೋ ಗಾಡಿ, ಅವಳು ಮುಟ್ಟಿದ್ದು ಅಂದ್ರೆ ಕಣ್ಮುಚ್ಕೊಂಡು ತಗೋ ಅಂದ್ರು. ಕಣ್ಮುಚ್ಕೊಂಡೇ ತಗೊಂಡೆ."

ಅವಳ ಮೈಗೆಲ್ಲ ಬೆಂಕಿ ಬಿದ್ದ ಹಾಗಾಯಿತು. ಒಳಗೆ ಹೋಗಿ ಚೀಲದಿಂದ ಸ್ಪಿರಿಟ್ ತುಂಬಿದ ಸ್ಪ್ರೇ ಬಾಟಲಿ ತಂದಳು. ಮೇಕಪ್ಪನ್ನು ಒಂದೇ ಸಲಕ್ಕೆ ಕಿತ್ತು ಹಾಕುವುದು ಅದೊಂದೇ. ಬಾಗಿಲ ಮೇಲೆ ಚಿಮುಕಿಸಿ ಬಟ್ಟೆಯಲ್ಲಿ ಒಂದು ಪಟ್ಟಿಯಷ್ಟು ಒರೆಸಿದಳು, ಪಕ್ಕದ ಮಡ್ಗಾರ್ಡಿನ ಮೇಲೂ ಒರೆಸಿದಳು. ಬಿಸಿಲಲ್ಲಿ ಮಡ್ಗಾರ್ಡಿನ ಮೇಲೆ ಜೇಡರ ಬಲೆ ಎದ್ದಿತು. ಬಾಗಿಲ ಮೇಲೆ ಎದ್ದದ್ದು ಬಲೆಯಲ್ಲ, ಪುಟ್ಟಿ ತಿಕ್ಕಿದ ಉಪ್ಪುಕಾಗದದ ಒರಟು ನೇರ ಗೆರೆಗಳು. ಬಾಗಿಲು ತೆರೆದು, ತಮ್ಮನ ಕೈ ಹಿಡಿದೆಳೆದು ಅವನ ಬೆರಳನ್ನೇ ಬೆಸುಗೆಯ ಗಂಟಿನ ಮೇಲೆ ಆಡಿಸಿದಳು. ಅವನು ಹೆಂಡತಿ ನಿಂತಿದ್ದ ಕಡೆ ನೋಡಿದ, ಅವಳ ಸೊಂಟದ ಮೇಲಿದ್ದ ಮಗುವನ್ನು ನೋಡಿದ.

"ನಿಂಗೆ ಮೊದ್ಲೇ ಗೊತ್ತಿತ್ತಾ ಅಕ್ಕಾ?"

"ಗೊತ್ತಿತ್ತು."

ಅವನು ಕಾರಿನ ಕೀ ಕಿತ್ತು ಅವಳ ಕೈಗಿಟ್ಟ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ತಮ್ಮನನ್ನು ಜೊತೆಗೆ ಕರೆದುಕೊಂಡು ಅಂಗಳಕ್ಕೆ ಹೋದಳು. ಸಾಲಾಗಿ ನಿಂತ ಕಾರುಗಳ ನಡುವೆ ಕೊಳ್ಳಲು ಬಂದವರು ಆಗಲೇ ಓಡಾಡುತ್ತಿದ್ದರು. ಯಜಮಾನ ಕುರ್ಚಿಯಿಂದ ಏಳಲೂ ಇಲ್ಲ.

"ಕಣ್ಣಾರೆ ನೋಡಿ, ಓಡಿಸಿ ನೋಡಿ ತಗೊಂಡಿದಾನೆ. ಈಗ ವಾಪಸ್ ಅಂದ್ರೆ? ನಾನೇನು ನಿನ್ನ ತಮ್ಮ ಅಂತ ಬಲವಂತ ಮಾಡಿದ್ನಾ?"

"ನನ್ನ ತಮ್ಮ ಅಂತ ಗೊತ್ತಿದ್ದೇ ಟೋಪಿ ಹಾಕಿದೀಯಲ್ಲೋ!" ಏಕವಚನ ತಾನಾಗಿ ಬಂತು. "ಅನ್ನ ತಿನ್ನೋ ಬಾಯಲ್ಲಿ ನನ್ನ ಹೆಸರು ಹೇಳಿ ಮಾರಿದೀಯಲ್ಲೋ!"

"ಕಿರುಚಬೇಡ. ಗಿರಾಕಿಗಳಿದಾರೆ."

ಗಿರಾಕಿಗಳಿದ್ದಾರೆ. ಅಲ್ಲಿಯವರೆಗೆ ಅವಳಿಗೆ ಹೊಳೆದೇ ಇರಲಿಲ್ಲ. ಚೀಲದಿಂದ ಸ್ಪಿರಿಟ್ ಬಾಟಲಿ ತೆಗೆದುಕೊಂಡು ಸಾಲಿನ ಮೊದಲ ಕಾರಿಗೆ ಹೋದಳು. ಚುಸ್ ಚುಸ್ ಎಂದು ಬಾನೆಟ್ಟಿಗೆ ಚಿಮುಕಿಸಿ ಎರಡೂ ಕೈಯಲ್ಲಿ ಒರೆಸಿದಳು. ಕಪ್ಪು ಬಾನೆಟ್ಟಿನ ಮೇಲೆ ಬಲೆ ಎದ್ದಿತು. ಎರಡನೆಯದು. ಮೂರನೆಯದರ ಡಿಕ್ಕಿಯ ಮೇಲೆ ಮುಚ್ಚಿಟ್ಟ ಗುದ್ದಿನ ಗುರುತು ಮೂಡಿತು. ಕೊಳ್ಳಲು ಬಂದಿದ್ದವರು ಮೊದಲು ಏನೋ ತೊಳೆಯುತ್ತಿದ್ದಾಳೆ ಎಂದುಕೊಂಡರು, ಆಮೇಲೆ ಬಗ್ಗಿ ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ಕರೆದರು. ತಾನೇ ತಿಂಗಳುಗಟ್ಟಲೆ ಕೂತು ಹಾಕಿದ ಹೊಳಪು ಬಟ್ಟೆಗೆ ಅಂಟಿ ಬರುತ್ತಿತ್ತು. ಅವಳಿಗೆ ಅದು ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು.

"ನಿಲ್ಸೇ ತಾಯಿ!" ಯಜಮಾನ ಚಪ್ಪಲಿ ಕೂಡ ಮೆಟ್ಟದೆ ಓಡಿ ಬಂದ. "ನಿನ್ನ ತಮ್ಮನ ಗಾಡಿ ವಾಪಸ್ ತಗೋತೀನಿ. ಈಗ್ಲೇ, ಪೂರ್ತಿ. ನಿಲ್ಸು!"

ತಮ್ಮನನ್ನು ಗುಮಾಸ್ತ ಒಳಗೆ ಕರೆದುಕೊಂಡು ಹೋದ. ಅವನು ಹೊರಗೆ ಬಂದು ದುಡ್ಡು ಸಿಕ್ಕಿತೆಂದು ತಲೆಯಾಡಿಸುವವರೆಗೂ ಅವಳು ಬಾಟಲಿಯನ್ನು ನಾಲ್ಕನೆಯ ಕಾರಿಗೆ ಗುರಿಯಿಟ್ಟು ನಿಂತಿದ್ದಳು. ಗೆದ್ದಿದ್ದಳು. ತಮ್ಮ ಉಳಿದುಕೊಂಡ, ಅವನ ಹೆಂಡತಿ ಮಗು ಉಳಿದುಕೊಂಡರು. ಕೆಲಸ ಹೋದರೆ ಹೋಗಲಿ.

ಯಜಮಾನನಿಗೆ ಆದ ಅವಮಾನಕ್ಕೆ ಸೇಡು ತೀರಿಸಿಕೊಳ್ಳಬೇಕಿತ್ತು. ಗುಂಪಿನ ಕಡೆ ತಿರುಗಿ ಕೂಗಿದ. "ದೊಡ್ಡ ಸತ್ಯವಂತೆ ಅನ್ಕೋಬೇಡಿ! ಇದನ್ನೆಲ್ಲಾ ಹಿಂಗೆ ಹೊಳೆಯೋ ಹಾಗೆ ಮಾಡಿದ್ದು ಯಾರು ಅಂತ ಕೇಳಿ ಅವಳನ್ನೇ!"

ಎಲ್ಲರೂ ಅವಳನ್ನು ನೋಡಿದರು.

"ಹೌದು, ನಾನೇ" ಎಂದಳು. ಅವಳ ದನಿಯಲ್ಲಿ ಇನ್ನೂ ಜಗಳವಿತ್ತು.

ಗುಂಪಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಕೈಯಲ್ಲಿ ಕಾರಿನ ಕೀ. ಕೊಳ್ಳಲು ಬಂದವಳಲ್ಲ, ಹಿಂದೆ ಇಲ್ಲೇ ಕೊಂಡು, ಯಾವುದೋ ರಿಪೇರಿ ಕೇಳಲು ಬಂದವಳು.

"ನಾನೂ ಇಲ್ಲೇ ತಗೊಂಡಿದ್ದು. ಅದನ್ನೂ ನೀವೇನಾ ಮಾಡಿದ್ದು?"

ಮೆಣಸಿನಕಾಯಿಯ ಬಾಯಿಗೆ ತಟ್ಟನೆ ಬೈಗುಳ ಬರುತ್ತಿತ್ತು, ಇಷ್ಟು ವರ್ಷ ಯಾರು ಏನು ಕೇಳಿದರೂ ಅದೇ ಮೊದಲು ಬರುತ್ತಿತ್ತು. ಈಗ ಬರಲಿಲ್ಲ. ಅವಳಿಗೆ ಕಾರುಗಳ ನಂಬರ್ ನೆನಪಿರುತ್ತಿರಲಿಲ್ಲ, ಮಾಲೀಕರ ಮುಖವಂತೂ ಇಲ್ಲವೇ ಇಲ್ಲ.

"ಯಾವ ಬಣ್ಣ?" ಎಂದು ಕೇಳಿದಳು.

"ನೀಲಿ. ಬಾನೆಟ್ಟಿನ ಮೇಲೆ..."

"ಬಾನೆಟ್ಟಿನ ಮೇಲೆ ಉಬ್ಬುಗೆರೆ, ಗೊತ್ತು." ಅಂಥ ನೀಲಿ ಒಂದೇ ಒಂದು ಬಂದಿತ್ತು. ಅದರ ಬಲಗಡೆಯನ್ನು ತಟ್ಟಿದಾಗ ಉದ್ದಕ್ಕೂ ಡಬ್ ಡಬ್ ಎಂದಿತ್ತು, ಅದು ಗೇಟ್ ದಾಟಿದ ಸಂಜೆ ಅವಳು ಖುಷಿಯಾಗಿಯೇ ಮನೆಗೆ ಹೋಗಿದ್ದಳು. "ಗಾಡಿ ಎಲ್ಲಿದೆ ಈಗ?"

"ನನ್ನ ಮಗಳು ತಗೊಂಡು ಹೋಗಿದಾಳೆ" ಎಂದಳು ಆ ಹೆಂಗಸು. "ಈ ಕೀ ಒಂದು ಜಾಸ್ತಿ ಇರೋದು. ಯಾಕೆ?"

ತಮ್ಮ ಪಕ್ಕದಲ್ಲೇ ನಿಂತಿದ್ದ. ಅವಳು ಅವನ ಮುಖ ನೋಡಲಿಲ್ಲ.

"ಫೋನ್ ಮಾಡಿ" ಎಂದಳು. "ಎಲ್ಲಿದಾಳೋ ಅಲ್ಲೇ ನಿಲ್ಸೋಕೆ ಹೇಳಿ."