ಮುಗುಡಿನ ಸಾಕ್ಷಿ

ಚೇರಂಬಾಣೆಯ ಕುಸುಮಕ್ಕನ ಮನೆಯಲ್ಲಿ ಕುದಿಸಿದ ನೀರು ಕೇಳುವ ಧೈರ್ಯ ಯಾವ ನೆಂಟರಿಗೂ ಇಲ್ಲ. ಕೇಳಿದರೋ, ಕೈಹಿಡಿದು ಬಾವಿಕಟ್ಟೆಗೆ ಎಳೆದೊಯ್ಯುತ್ತಾರೆ. "ಅಗೊ, ನಮ್ಮ ಮುಗುಡು! ಮೀನು ಬದುಕುವ ನೀರು, ಇದನ್ನೆಂಥ ಕುದಿಸೋದು?" ಗದ್ದೆಯಿಂದ ತಂದು ಬಿಟ್ಟ ಆ ಮೀಸೆಯ ಮೀನಿಗೆ ಈಗ ಏಳು ವರ್ಷ. ಬೆಳಿಗ್ಗೆ ಅದು ತಳದ ಕೆಸರಿನಿಂದ ಎದ್ದು ಬಂದು ಬಾಯಿ ತೆರೆದು ಹೋಗುವವರೆಗೆ ಕುಸುಮಕ್ಕ ಕೊಡ ಇಳಿಸುವವರಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಭಾಗಮಂಡಲ ಬರುವುದರೊಳಗೆ ಅದರ ಕ್ಷೇಮಸಮಾಚಾರ ಗೊತ್ತಾಗಿರುತ್ತದೆ. ವಾರದಿಂದ ಹೊಟ್ಟೆ ಕೆಟ್ಟು ಮಲಗಿರುವ ಗಂಡನಿಗೂ ಮದ್ದೆಂದರೆ ಆ ಬಾವಿಯ ನೀರೇ, ಗಂಟೆಗೊಂದು ಲೋಟ. ಈ ಸಲ ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಶುರುವಾದ ಮೇಲಂತೂ ಕುಸುಮಕ್ಕನಿಗೆ ಹಿಗ್ಗೋ ಹಿಗ್ಗು. "ಮೊದಲು ಬೆಳಿಗ್ಗೆ ಒಂದು ಸಲ ಬರ್ತಿತ್ತು, ಅಷ್ಟೇ. ಈಗ ನಾನು ಬಗ್ಗಿದರೆ ಸಾಕು, ಮತ್ತೆ ಮತ್ತೆ ಮೇಲೆ ಬರ್ತದೆ. ಎಷ್ಟು ಪ್ರೀತಿ ನೋಡು!" ಎಂದು ಹೊಸ ಸೊಸೆ ರಮ್ಯಳಿಗೆ ತೋರಿಸಿದರು. ಮೀನುಗಾರಿಕೆ ಓದಿದ ರಮ್ಯ ನಗಲಿಲ್ಲ. ಬಾವಿ ನೋಡಿದಳು, ಅದರ ಮೇಲಿನ ದಿಣ್ಣೆಯಲ್ಲಿ ಕಾಫಿಹಣ್ಣು ತೊಳೆದ ನೀರು ಕಪ್ಪಾಗಿ ನಿಂತಿದ್ದ ತಮ್ಮದೇ ಗುಂಡಿಯನ್ನೂ ನೋಡಿದಳು. "ಅತ್ತೆ, ಮುಗುಡು ಕೊಳಚೆಯಲ್ಲೂ ಬದುಕ್ತದೆ. ನೀರಲ್ಲಿ ಉಸಿರು ಸಾಲದಿದ್ದರೆ ಮೇಲೆ ಬಂದು ಗಾಳಿ ಕುಡೀತದೆ. ನೀರು ಕೆಟ್ಟಷ್ಟೂ ಹೆಚ್ಚು ಸಲ ಬರ್ತದೆ." ಕುಸುಮಕ್ಕನ ಕೈಯಿಂದ ಹಗ್ಗ ಜಾರಿ ಕೊಡ ಬಾವಿಗೆ ಬಿತ್ತು. ಅಲೆ ಅಡಗುವ ಮೊದಲೇ ಮುಗುಡು ಮತ್ತೆ ಮೇಲೆ ಬಂದು ಬಾಯಿ ತೆರೆಯಿತು. ಒಳಗಿನಿಂದ ಗಂಡನ ಸೋತ ದನಿ ಕೇಳಿಸಿತು: "ಕುಸುಮಾ, ಇನ್ನೊಂದು ಲೋಟ ನೀರು ತಾ."