ಹೊರಗಿನವರು ಯಾರೂ ಇಲ್ಲ

ಹಳೆಯ ಪಾತ್ರೆ ಕೊಳ್ಳುವವರು ಬೆರಳಲ್ಲಿ ತಟ್ಟಿ ನೋಡುತ್ತಾರೆ. ಸೌಟಕ್ಕನನ್ನು ಹಾಗೆ ತಟ್ಟಿ ನೋಡಿದರೆ: ಎತ್ತರ ಕಮ್ಮಿ, ತಳ ಭಾರ, ಅಂಚು ಸವೆದಿದೆ, ಎರಡು ಕಡೆ ಸೊಟ್ಟ. ಹೊಳಪು ಹೋಗಿ ಬಹಳ ಕಾಲವಾಯಿತು. ಆದರೆ ಸೋರಿಕೆ ಇಲ್ಲ, ಬೆಂಕಿಗೆ ಹೆದರುವ ಲೋಹವೂ ಅಲ್ಲ. ಕೈಬಿಟ್ಟರೆ ನೆಲಕ್ಕೇ ನೋವು.

ಹತ್ತೊಂಬತ್ತು ವರ್ಷ ಅವಳು ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಸೌಟು ಹಿಡಿದವಳು. ಗಿರಣಿ ಮುಚ್ಚಿದ ದಿನ ಉಳಿದವರೆಲ್ಲ ಮಾಲೀಕರ ಬಾಗಿಲು ಬಡಿಯಲು ಹೋದರೆ, ಇವಳು ಕ್ಯಾಂಟೀನಿನ ದೊಡ್ಡ ಹಂಡೆಯನ್ನು ಉರುಳಿಸಿಕೊಂಡು ಮನೆಗೆ ಬಂದಳು. ಗಂಡ ತೀರಿಕೊಂಡಿದ್ದ, ಮನೆಯಲ್ಲಿದ್ದವಳು ನಾದಿನಿ ಒಬ್ಬಳೇ. "ಇಬ್ಬರಿಗೆ ಇಷ್ಟು ದೊಡ್ಡ ಹಂಡೆಯಾ ಅತ್ತಿಗೆ?" ಎಂದು ಅವಳು ಕೇಳಿದ್ದಳು. ಮರುದಿನದಿಂದ ಇಬ್ಬರೂ ಮುಂಕೋಣೆಯಲ್ಲಿ ತರಕಾರಿ ಹೆಚ್ಚತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಹಸಿದವರ ಸಾಲು. ಬಂದವರಿಗೆ ಪುಕ್ಕಟೆ ಒಂದು ಬಟ್ಟಲು ಬಿಸಿ ಸೂಪು, ಒಂದು ತುಂಡು ಬ್ರೆಡ್ಡು.

ಆ ಸಾಲು ಪಕ್ಕದ ಪಾತ್ರೆ ಅಂಗಡಿಯ ಬಾಗಿಲಿಗೆ ಅಡ್ಡವಾಗುತ್ತಿತ್ತು. ಅಂಗಡಿಯವನು ನಗರಸಭೆ ಕಚೇರಿಗೆ ಒಂದು ದೂರಿನ ಅರ್ಜಿ ಬರೆದ. ಸೌಟಕ್ಕನ ಪರವಾನಗಿಯ ಅರ್ಜಿ ಎರಡು ವರ್ಷದಿಂದ ಅದೇ ಕಚೇರಿಯಲ್ಲಿ ನಿದ್ದೆ ಹೊಡೆಯುತ್ತಿತ್ತು. ಇವನದು ಎರಡೇ ದಿನದಲ್ಲಿ ಎದ್ದು ಓಡಾಡಿತು. ಬಾಗಿಲಿಗೆ ನೋಟೀಸು ಬಿತ್ತು: ಪರವಾನಗಿಯಿಲ್ಲದೆ ಹೊರಗಿನವರಿಗೆ ಊಟ ಹಾಕುವಂತಿಲ್ಲ, ನಾಳೆಯೇ ಬೀಗ.

ಸೌಟಕ್ಕ ಅದನ್ನು ಮೂರು ಸಲ ಓದಿದಳು. ಮೂರನೆಯ ಸಲ ಒಂದು ಪದದ ಮೇಲೆ ಬೆರಳಿಟ್ಟು ನಿಂತಳು. ಆಮೇಲೆ ಸಾಲಿನ ಕಡೆ ತಿರುಗಿ ಕೂಗಿದಳು: "ನಾಳೆ ಬರೋರೆಲ್ಲ ಒಂದೊಂದು ನೆಂಟಸ್ತಿಕೆ ಹಿಡ್ಕೊಂಡು ಬನ್ನಿ!"

ಮರುದಿನ ಅಧಿಕಾರಿ ಬೀಗ, ಫೈಲು ಸಮೇತ ಬಂದ. ಹಂಡೆ ಕುದಿಯುತ್ತಿತ್ತು.

"ಏನಮ್ಮಾ, ನೋಟೀಸು ನೋಡ್ಲಿಲ್ವಾ?"

"ನೋಡ್ದೆ ಸಾಹೇಬ್ರೆ. ಹೊರಗಿನವರಿಗೆ ಹಾಕ್ಬಾರ್ದು ಅಂತಿದೆ. ಇಲ್ಲಿರೋರೆಲ್ಲ ನಮ್ಮೋರೆ."

ಅಧಿಕಾರಿ ಸಾಲಿನ ಮೊದಲಿಗನನ್ನು ಕೇಳಿದ. ಮುದುಕ ಚಮ್ಮಾರ ಎದೆಯುಬ್ಬಿಸಿ "ಸೋದರಮಾವ" ಎಂದ. ಹಿಂದಿದ್ದ ಇಬ್ಬರು ಮುದುಕಿಯರು ಒಟ್ಟಿಗೆ "ಅತ್ತೆ" ಎಂದರು.

"ಒಬ್ಳಿಗೆ ಇಬ್ರು ಅತ್ತೇರಾ?"

"ಒಬ್ಬ ಅತ್ತೆಗೆ ಈ ಸೊಸೆ ಬಗ್ಗಲ್ಲ ಸಾಹೇಬ್ರೆ!"

ಮೀಸೆಯ ಹಮಾಲಿಯ ಸರದಿ ಬಂತು. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಪಾಪದವನು ಗಾಬರಿಯಲ್ಲಿ "ಚಿಕ್ಕಮ್ಮ" ಎಂದುಬಿಟ್ಟ. ಬೀದಿಯೇ ನಕ್ಕಿತು. ಅಧಿಕಾರಿ ನಗಲಿಲ್ಲ. ಬೀಗ ಕೈಗೆತ್ತಿಕೊಂಡ. ಸೌಟಕ್ಕ ಹಂಡೆಯೊಳಗೆ ಬಗ್ಗಿ ನೋಡಿದಳು. ಇನ್ನೂ ಅರ್ಧ ಬೀದಿಯ ಊಟವಿತ್ತು. ಸೌಟು ನಿಲ್ಲಲಿಲ್ಲ.

ಅಧಿಕಾರಿ ಅಂಗಡಿ ಕಡೆ ಕೈ ಬೀಸಿದ. "ಅರ್ಜಿ ಕೊಟ್ಟೋರು ನೀವಲ್ವಾ? ನೀವೇ ಹೇಳ್ರಿ, ಇವರೆಲ್ಲ ಹೊರಗಿನವರು ತಾನೆ?"

ಅಂಗಡಿಯವನು ಬಂದು ಬಾಯಿ ತೆರೆಯುವ ಮೊದಲೇ ಅವನ ಕೈಯಲ್ಲಿ ಬಿಸಿ ಬಟ್ಟಲು ಕೂತಿತ್ತು.

"ಮೈದುನ, ಉಂಡು ಮಾತಾಡು," ಎಂದಳು ಸೌಟಕ್ಕ. "ಬರಿಹೊಟ್ಟೇಲಿ ಸಾಕ್ಷಿ ಹೇಳ್ಬಾರ್ದು."

ಅವನು ಬಟ್ಟಲು ನೋಡಿದ. ಸಾಲು ನೋಡಿದ. ಸಾಲು ಅವನನ್ನು ನೋಡಿತು. ಒಂದು ಗುಟುಕು ಕುಡಿದ.

"ಉಪ್ಪು ಸ್ವಲ್ಪ ಕಮ್ಮಿ, ಅತ್ತಿಗೆ."

"ನಂಗೆ ಇನ್ನೊಬ್ಬ ಅಣ್ಣ ಇದ್ದದ್ದು ನಂಗೇ ಗೊತ್ತಿರ್ಲಿಲ್ಲ," ಎಂದು ನಾದಿನಿ ತಾನು ಹೆಚ್ಚುತ್ತಿದ್ದ ಕ್ಯಾರೆಟ್ಟಿಗೆ ಹೇಳಿದಳು.

"ಮತ್ತೆ ಈ ಅರ್ಜಿ?" ಅಧಿಕಾರಿ ಫೈಲು ಬಡಿದ.

"ಅದು ಮನೆಜಗಳ ಸಾಹೇಬ್ರೆ. ವಾಪಸ್ ತಗೋತೀನಿ."

ಸೌಟಕ್ಕ ಸೌಟನ್ನು ಹಂಡೆಯ ಅಂಚಿಗೆ ಕುಟ್ಟಿದಳು. "ಕೇಳಿದ್ರಲ್ಲ? ಈಗಿಲ್ಲಿ ಹೊರಗಿನವರು ನೀವೊಬ್ರೆ. ನಿಮಗೂ ಒಂದು ಬಟ್ಟಲು ಹಾಕ್ತಿದ್ದೆ. ಏನ್ಮಾಡ್ಲಿ, ಪರವಾನಗಿ ಇಲ್ಲ!"

ಬೀಗ ಬಂದ ದಾರಿಯಲ್ಲೇ ಹೋಯಿತು. ಮುಂದಿನ ತಿಂಗಳು ಪರವಾನಗಿ ಎಚ್ಚರಗೊಂಡು ತಾನಾಗಿ ಬಂತು. ಅವಳು ಅದನ್ನು ಬಿಸಿ ಹಂಡೆ ಇಳಿಸುವಾಗ ಕೈಗೆ ಹಿಡಿಯಲು ಇಟ್ಟುಕೊಂಡಿದ್ದಾಳೆ. ಅರ್ಜಿಯ ಮಾತನ್ನು ಮೈದುನನ ಮುಂದೆ ಎತ್ತಿಲ್ಲ. ಅಂಗಡಿಯ ಬಾಗಿಲು ಬಿಟ್ಟು ಸಾಲು ನಿಲ್ಲಿಸುತ್ತಾಳೆ.

ಉಪ್ಪು ಅಂದು ಸರಿಯಾಗಿಯೇ ಇತ್ತು. ಈ ಕಥೆ ಬರೆದ ಪಾತ್ರೆ ಅಂಗಡಿಯವನು ಅತ್ತಿಗೆಯ ಹತ್ತಿರ ಒಂದು ಕ್ಷಮೆ ಕೇಳುವುದು ಬಾಕಿ ಇದೆ.