ಪರದೆಯಲ್ಲಿ ಖಾಲಿ ಓಣಿ

ದೇವನಹಳ್ಳಿ ಹತ್ತಿರದ ವಿಜಯಪುರದ ಒಂದು ಕಾರ್ಖಾನೆಯಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಯಂತ್ರಗಳು ಸಾಲಾಗಿ ನಿಂತಿದ್ದವು. ಕೊನೆಯ ಯಂತ್ರಕ್ಕೂ ಗೋಡೆಗೂ ನಡುವೆ ಒಬ್ಬರಷ್ಟೇ ತೂರಬಹುದಾದ ಓಣಿ. ಯಂತ್ರದ ಬೆಲ್ಟು ಓಡುವುದು ಅಲ್ಲೇ. ಸ್ವಿಚ್ಚು ಮಾತ್ರ ಈಚೆ ತುದಿಯಲ್ಲಿ. ಅಲ್ಲಿ ನಿಂತವರಿಗೆ ಓಣಿ ಕಾಣುವುದಿಲ್ಲ. ಹಿಂದೊಮ್ಮೆ ಒಳಗೆ ಯಾರೋ ಇದ್ದಾಗಲೇ ಯಂತ್ರ ಶುರುವಾಗಿ, ಆಕೆಯ ಸೆರಗು ಬೆಲ್ಟಿಗೆ ಸಿಕ್ಕಿಕೊಂಡಿತಂತೆ. ಹಳೆಯ ಸೀರೆ, ಹರಿದುಹೋಗಿದ್ದರಿಂದ ಜೀವ ಉಳಿಯಿತು. ಆಮೇಲೆ ಯಜಮಾನರು ನಮ್ಮನ್ನು ಹುಡುಕಿಕೊಂಡು ಬಂದರು.

ನಾವೆಂದರೆ ದೇವನಹಳ್ಳಿಯ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಕ್ಯಾಮೆರಾ ಪೆಟ್ಟಿಗೆ ತಯಾರಿಸುತ್ತಿದ್ದ ಮೂವರು. ಕ್ಯಾಮೆರಾ ಕಂಡದ್ದನ್ನು ಪರದೆಗೆ ಮುಟ್ಟಿಸುವ ಡ್ರೈವರ್ ಎಂಬ ಪ್ರೋಗ್ರಾಂ ಬರೆಯುವುದು ನನ್ನ ಪಾಲಿನ ಕೆಲಸ. ನಮ್ಮೂರು ಕುಂದಾಣದಲ್ಲಿ ಅಮ್ಮ ಕೇಳಿದವರಿಗೆಲ್ಲ ‘ಮಗಳು ಡ್ರೈವರ್ ಕೆಲಸ ಮಾಡ್ತಾಳೆ’ ಎಂದುಬಿಟ್ಟು, ಮುಂದೆ ವಿವರಿಸಲಾಗದೆ ಸುಮ್ಮನಾಗುತ್ತಿದ್ದಳು.

ಓಣಿಗೊಂದು ಕ್ಯಾಮೆರಾ, ಸ್ವಿಚ್ಚಿನ ಪಕ್ಕ ಒಂದು ಪರದೆ ಹಾಕಿದೆವು. ಪರದೆ ನೋಡಿ, ಓಣಿ ಖಾಲಿ ಇದ್ದರೆ ಮಾತ್ರ ಸ್ವಿಚ್ಚು ಒತ್ತಬೇಕು. ಮೂರನೆಯ ದಿನ, ಹೇಗಿದೆ ನೋಡೋಣವೆಂದು ನಾನೊಬ್ಬಳೇ ಹೋಗಿದ್ದೆ. ಬೆಳಿಗ್ಗೆಯಿಂದ ಕರೆಂಟು ಹೋಗಿ ಹೋಗಿ ಬರುತ್ತಿತ್ತು. ಹೋದಾಗಲೆಲ್ಲ ಯಂತ್ರಗಳು ನಿಂತು, ಜನರೇಟರ್ ಗುಡುಗಿಕೊಂಡು ಶುರುವಾದ ಮೇಲೆ ಮತ್ತೆ ಸ್ವಿಚ್ಚು ಒತ್ತಬೇಕಾಗುತ್ತಿತ್ತು. ನಮ್ಮ ಪೆಟ್ಟಿಗೆಗೆ ಬ್ಯಾಟರಿ ಇದ್ದುದರಿಂದ ಪರದೆ ಆರಲಿಲ್ಲ.

ನಾಲ್ಕನೆಯ ಸಲ ಕರೆಂಟು ಹೋದಾಗ, ಅಲ್ಲಿ ಬಹಳ ವರ್ಷದಿಂದ ಕೆಲಸಕ್ಕಿದ್ದ, ಐವತ್ತು ದಾಟಿದ ಅಕ್ಕ ನನ್ನ ಪಕ್ಕದಿಂದಲೇ ಓಣಿಯ ಕಡೆ ನಡೆದರು. “ಒಳಗಡೆ ಎಳೆ ಕಿತ್ತೋಗೈತೆ, ಕಟ್ಬಿಟ್ಟು ಬರ್ತೀನಿ ಕಣಮ್ಮ,” ಎಂದರು. ಅವರು ಓಣಿಗೆ ಕಾಲಿಡುವ ಮೊದಲೇ ಜನರೇಟರ್ ಶುರುವಾಯಿತು. ಅವರು ಒಳಗೆ ಹೋದರು. ಯಂತ್ರ ನಡೆಸುವಾತ ಹೊರಗಿನಿಂದ ಬಂದು ಸ್ವಿಚ್ಚಿನ ಮುಂದೆ ನಿಂತ, ಪರದೆ ನೋಡಿದ, ಕೈ ಎತ್ತಿದ.

ನಾನೂ ಪರದೆ ನೋಡಿದೆ. ಓಣಿ ಖಾಲಿ ಇತ್ತು.

ಅಕ್ಕ ಒಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಹೊರಗೆ ಬಂದಿರಲಿಲ್ಲ.

“ಒತ್ಬೇಡಿ! ಕೈ ತೆಗೀರಿ, ಅಕ್ಕ ಒಳಗವ್ರೆ!”

ಜನರೇಟರಿನ ಸದ್ದಿನಲ್ಲಿ ಅವನಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ. ನಾನು ಓಡಿಹೋಗಿ ಅವನ ಮಣಿಕಟ್ಟು ಹಿಡಿದುಕೊಂಡೆ. ಅವನು ಗಾಬರಿಯಿಂದ ನನ್ನನ್ನೇ ನೋಡಿದ. ಅಷ್ಟರಲ್ಲಿ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಣಿಯಿಂದ ಹೊರಬಂದರು. “ಏನಾಯ್ತು, ಯಾಕಂಗೆ ಕಿರುಚ್ಕೊಂಡೆ?”

ಗಲಾಟೆ ಕೇಳಿ ಯಜಮಾನರು ಬಂದರು. ನಡೆದದ್ದು ತಿಳಿದ ಮೇಲೆ ಕೈಮುಗಿದೇಬಿಟ್ಟರು. “ನೋಡಮ್ಮಾ, ಕ್ಯಾಮೆರಾ ಹಾಕ್ಸಿದ್ದಕ್ಕೆ ಒಂದು ಜೀವ ಉಳೀತು. ಪಕ್ಕದ ಕಾರ್ಖಾನೆಯವ್ರಿಗೂ ಹೇಳ್ತೀನಿ.”

ನಾನು ಪರದೆಯಲ್ಲಿ ಅಕ್ಕನನ್ನು ಕಂಡು ಕೂಗಿದೆ ಎಂದುಕೊಂಡಿದ್ದರು ಅವರು. ಯಂತ್ರ ನಡೆಸುವಾತ ಮಾತ್ರ ಪರದೆಯನ್ನೂ ನನ್ನನ್ನೂ ಮತ್ತೆ ಮತ್ತೆ ನೋಡುತ್ತಿದ್ದ. ಸುಮ್ಮನಿದ್ದುಬಿಟ್ಟರೆ ರಾತ್ರಿಯೊಳಗೆ ಸರಿಮಾಡಿಬಿಡಬಹುದು ಎಂಬ ಆಲೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಒಂದು ಗಳಿಗೆ ಕೂತಿತು ಕೂಡ.

“ಇಲ್ಲ ಸಾರ್,” ಎಂದೆ. “ಚಿತ್ರ ನಿಂತೋಗಿತ್ತು. ಅದು ತೋರಿಸ್ತಿದ್ದಿದ್ದು ಆಗಿನದು, ಈಗಿನದಲ್ಲ. ಅದನ್ನ ನಂಬಿದ್ದಿದ್ರೆ ಅಕ್ಕ ಸಿಕ್ಕಾಕೊಳ್ತಿದ್ರು. ಪ್ರೋಗ್ರಾಂ ಬರೆದವಳು ನಾನೇ.”

ಯಜಮಾನರು ಪರದೆಯ ಮೇಲೊಂದು ಗೋಣಿಚೀಲ ಎಳೆದು ಹೊದಿಸಿದರು. “ಕಣ್ಣಿಲ್ದಿದ್ರೆ ತಡವರಿಸ್ಕೊಂಡಾದ್ರೂ ಹೋಗ್ತೀವಿ. ಸುಳ್ಳು ತೋರ್ಸೋ ಕಣ್ಣು ಬ್ಯಾಡಮ್ಮಾ,” ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ದೇವನಹಳ್ಳಿಗೆ ಮರಳಿ ನನ್ನ ಬರಹವನ್ನು ಸಾಲು ಸಾಲಾಗಿ ಓದಿದೆ. ಡ್ರೈವರಿಗೆ ನಾಲ್ಕು ಬಫರ್ ಕೊಟ್ಟಿದ್ದೆ. ಒಂದೊಂದೂ ಒಂದು ಚಿತ್ರ ಹಿಡಿಯುವಷ್ಟು ಮೆಮೊರಿ. ಕ್ಯಾಮೆರಾ ಬಫರನ್ನು ತುಂಬುತ್ತದೆ, ಪರದೆ ಅದನ್ನು ತೋರಿಸುತ್ತದೆ, ಆಮೇಲೆ ಆ ಬಫರ್ ಮತ್ತೆ ತುಂಬಲು ಕ್ಯಾಮೆರಾಕ್ಕೆ ವಾಪಸ್ಸು ಹೋಗಬೇಕು. ಜನರೇಟರ್ ಶುರುವಾದಾಗಲೆಲ್ಲ ಆ ಉದ್ದನೆಯ ಕೇಬಲ್ಲಿನಲ್ಲಿ ಒಂದು ಚಿತ್ರ ಕೆಟ್ಟು ಬರುತ್ತಿತ್ತು. ಕೆಟ್ಟದ್ದನ್ನು ಪರದೆಗೆ ಕಳಿಸಬೇಡ ಎಂದು ಬರೆದಿದ್ದೆ. ಅದು ಕೂತಿದ್ದ ಬಫರನ್ನು ಕ್ಯಾಮೆರಾಕ್ಕೆ ಹಿಂದಿರುಗಿಸು ಎಂದು ಬರೆಯಲು ಮರೆತಿದ್ದೆ. ಸಲಕ್ಕೊಂದರಂತೆ ನಾಲ್ಕೂ ಕಳೆದುಹೋದವು. ತುಂಬಲು ಜಾಗವೇ ಇಲ್ಲದೆ ಕ್ಯಾಮೆರಾ ನಿಂತಿತು. ಪರದೆ ಕೊನೆಯ ಒಳ್ಳೆಯ ಚಿತ್ರವನ್ನು ಹಿಡಿದುಕೊಂಡೇ ಇತ್ತು. ನಮ್ಮ ಕೋಣೆಯಲ್ಲಿ ಜನರೇಟರ್ ಇರಲಿಲ್ಲ. ಹಾಗಾಗಿ ಅಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ.

ಬಿಟ್ಟಿದ್ದು ಒಂದೇ ಸಾಲು. ಅದನ್ನು ಸೇರಿಸಿದೆ. ಅದಷ್ಟೇ ಸಾಲದೆನಿಸಿ, ಹೊಸ ಚಿತ್ರ ಬರುವುದು ನಿಂತ ಕೂಡಲೇ ಪರದೆ ಪೂರ್ತಿ ಕೆಂಪಾಗುವಂತೆಯೂ ಮಾಡಿದೆ.

ಒಂದು ವಾರ ಬಿಟ್ಟು ಯಜಮಾನರನ್ನು ಬೇಡಿಕೊಂಡು ಮತ್ತೆ ಹೋದೆ. ಜನರೇಟರನ್ನು ಇಪ್ಪತ್ತು ಸಲ ನಿಲ್ಲಿಸಿ ಶುರುಮಾಡಿಸಿದೆ. ಪ್ರತಿ ಸಲವೂ ಓಣಿಯಲ್ಲಿ ನಾನೇ ನಿಂತೆ. ಯಂತ್ರದ ಫ್ಯೂಸು ಕಿತ್ತು ನನ್ನ ಕೈಯಲ್ಲಿಟ್ಟುಕೊಂಡಿದ್ದೆ. ಪರದೆಯ ಮುಂದೆ ಅಕ್ಕ ನಿಂತರು. ನಾನು ಎತ್ತಿದ ಬೆರಳುಗಳನ್ನು ಪ್ರತಿ ಸಲವೂ ತಪ್ಪದೆ ಕೂಗಿ ಹೇಳಿದರು. ಕೊನೆಗೆ ಯಾರನ್ನೂ ಕೇಳದೆ ಕೇಬಲ್ಲನ್ನೇ ಕಿತ್ತುಬಿಟ್ಟರು. ಪರದೆ ಕೆಂಪಾಯಿತು.

“ಇದು ಸರಿ,” ಎಂದರು. ಆಮೇಲೆ ಯಂತ್ರ ನಡೆಸುವಾತನ ಕಡೆ ತಿರುಗಿ, “ಆದ್ರೂ ಒತ್ತೋಕ್ ಮುಂಚೆ ನನ್ನನ್ನ ಕೂಗು. ನಾನು ಓ ಅಂದು ಈಚೆ ಬಂದ್ಮೇಲೇ ಒತ್ಬೇಕು,” ಎಂದರು.

ನನಗೆ ಸ್ವಲ್ಪ ಅವಮಾನವಾಯಿತು. ಆದರೂ ಪೆನ್ನು ಕೇಳಿ ಪಡೆದು, ಅವರ ಮಾತನ್ನು ಹಾಗೇ ಒಂದು ಕಾಗದದಲ್ಲಿ ಬರೆದು ಸ್ವಿಚ್ಚಿನ ಮೇಲೆ ಅಂಟಿಸಿದೆ. ಅಕ್ಷರ ಇನ್ನಷ್ಟು ದಪ್ಪಗಿರಲಿ ಎಂದು ಅಕ್ಕ ಎರಡು ಸಲ ತಿದ್ದಿಸಿದರು.